ಕಪ್ಪು ಕಾಯಿಗಳ ಭದ್ರ ರಕ್ಷಣೆಗಳು

ಚೆಸ್ ಆಟದಲ್ಲಿ ಮೊದಲ ನಡೆ ಬಿಳಿಯದು. ಆ ಒಂದು ನಡೆಯ ಲಾಭ ಚಿಕ್ಕದಾದರೂ ನಿಜ. ಪಂದ್ಯಗಳ ದಾಖಲೆ ಇಡಲು ಆರಂಭಿಸಿದಾಗಿನಿಂದಲೂ ಬಿಳಿಯ ಪಾಲಿಗೆ ನೂರಕ್ಕೆ 52ರಿಂದ 56ರಷ್ಟು ಅಂಕ ಬೀಳುತ್ತ ಬಂದಿದೆ. ಈ ಹಿನ್ನಡೆಯನ್ನು ಕಪ್ಪು ಎರಡು ಬಗೆಯಲ್ಲಿ ಎದುರಿಸಬಹುದು. ಆರಂಭದಲ್ಲೇ ಸಮತೋಲ ಕೆಡಿಸಿ ಎದುರೇಟಿಗೆ ನಿಲ್ಲುವುದು ಒಂದು ಬಗೆ. ಸಿಸಿಲಿಯನ್ ಮತ್ತು ಕಿಂಗ್ಸ್ ಇಂಡಿಯನ್ ಈ ಜಾತಿಯವು. ಮೊದಲು ಬಿಳಿಯ ಒತ್ತಡವನ್ನು ಇಳಿಸಿ, ರಾಜನನ್ನು ಭದ್ರ ಮಾಡಿ, ಆಮೇಲೆ ಆಟಕ್ಕಿಳಿಯುವುದು ಇನ್ನೊಂದು. ಈ ಎರಡನೆಯ ಬಗೆಯ ಓಪನಿಂಗ್‌ಗಳನ್ನು ಭದ್ರ ರಕ್ಷಣೆಗಳು ಎನ್ನುತ್ತಾರೆ. ಕ್ಯಾರೊ-ಕಾನ್, ಫ್ರೆಂಚ್, ಬರ್ಲಿನ್, ಪೆಟ್ರೊವ್, ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಸ್ಲಾವ್ ಇವುಗಳಲ್ಲಿ ಮುಖ್ಯವಾದವು.

ಭದ್ರ ಎಂದರೆ ಡ್ರಾ ಗ್ಯಾರಂಟಿ ಎಂದಲ್ಲ. ಪದಾತಿಗಳ ಸಾಲಿನಲ್ಲಿ ಕಾಯಂ ಬಿರುಕು ಇಲ್ಲದಿರುವುದು, ರಾಜ ಬೇಗ ಮರೆಗೆ ಸೇರುವುದು, ನಡುವಿನ ಡಿ5 ಅಥವಾ ಇ5 ಮನೆಯಲ್ಲಿ ಕಪ್ಪಿಗೆ ಕಾಲೂರಲು ಜಾಗವಿರುವುದು, ಒಂದು ನಡೆ ಹೆಚ್ಚುಕಡಿಮೆಯಾದರೂ ಆಟವೇ ಕುಸಿಯದಿರುವುದು ಇದರ ಲಕ್ಷಣಗಳು. ಇದಕ್ಕೆ ಬೆಲೆಯನ್ನೂ ತೆರಬೇಕು: ಸಾಮಾನ್ಯವಾಗಿ ಜಾಗ ಕಡಿಮೆ, ತಕ್ಷಣ ಗೆಲ್ಲುವ ಅವಕಾಶವೂ ಕಡಿಮೆ. ಯಾವ ರಕ್ಷಣೆ ಏನನ್ನು ಕೊಟ್ಟು ಏನನ್ನು ಕಸಿದುಕೊಳ್ಳುತ್ತದೆ ಎಂದು ತಿಳಿಯಲು ಒಂದು ಕಾಯಿಯನ್ನು ಗಮನಿಸಿದರೆ ಬಹುಮಟ್ಟಿಗೆ ಸಾಕು. ಅದು ಸಿ8 ಮನೆಯಲ್ಲಿ ಕೂತಿರುವ ಒಂಟೆ. ಡಿ5ರಲ್ಲಿ ನೆಲೆ ನಿಲ್ಲಬೇಕಾದರೆ ಕಪ್ಪು ಅದಕ್ಕೆ ಇ6 ಅಥವಾ ಸಿ6 ಪದಾತಿಯ ಆಸರೆ ಕೊಡಬೇಕು. ಇ6 ಆಡಿದರೆ ಈ ಒಂಟೆಯ ದಾರಿ ಮುಚ್ಚುತ್ತದೆ. ಸಿ6 ಆಡಿದರೆ ದಾರಿಯೇನೋ ತೆರೆದಿರುತ್ತದೆ, ಆದರೆ ಕುದುರೆಗೆ ಸಹಜವಾದ ಮನೆ ಹೋಗುತ್ತದೆ. ಭದ್ರ ರಕ್ಷಣೆಗಳ ಚರಿತ್ರೆಯ ಬಹುಪಾಲು ಈ ಒಂಟೆಗೆ ಕೆಲಸ ಹುಡುಕಿದ ಚರಿತ್ರೆಯೇ.

ಕ್ಯಾರೊ-ಕಾನ್

ಬಿಳಿ ಇ4 ಆಡಿದಾಗ ಕಪ್ಪು ಸಿ6 ಎನ್ನುತ್ತದೆ. ಬಿಳಿ ಡಿ4 ಆಡಿದರೆ ಡಿ5. ಬರ್ಲಿನ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ಆಟಗಾರ ಹೊರೇಷಿಯೊ ಕ್ಯಾರೊ ಮತ್ತು ವಿಯೆನ್ನಾದ ಮಾರ್ಕಸ್ ಕಾನ್ 1886ರಲ್ಲಿ ಈ ಓಪನಿಂಗ್‌ನ ವಿಶ್ಲೇಷಣೆ ಪ್ರಕಟಿಸಿದ್ದರಿಂದ ಇಬ್ಬರ ಹೆಸರೂ ಉಳಿಯಿತು. ಅದಕ್ಕೆ ಒಂದು ವರ್ಷ ಮುಂಚೆ, 1885ರ ಹ್ಯಾಂಬರ್ಗ್ ಕಾಂಗ್ರೆಸ್ಸಿನಲ್ಲಿ, ಕಾನ್ ಇದೇ ರಕ್ಷಣೆಯಿಂದ ಜಾಕ್ ಮೀಸಸ್‌ನನ್ನು 24 ನಡೆಗಳಲ್ಲಿ ಸೋಲಿಸಿದ್ದ. ದಾಳಿಗೆ ಹೆಸರಾಗಿದ್ದ ಮೀಸಸ್ ಎದುರು ಇಷ್ಟು ಸಪ್ಪೆಯಾಗಿ ಕಾಣುವ ಓಪನಿಂಗ್ ಗೆದ್ದದ್ದು ಅದಕ್ಕೆ ಒಳ್ಳೆಯ ಪ್ರಚಾರ ಕೊಟ್ಟಿರಬೇಕು.

ಇದರ ಮುಖ್ಯ ಲೈನಿನಲ್ಲಿ ಬಿಳಿ ಮೂರನೇ ನಡೆಗೆ ಕುದುರೆಯನ್ನು ಸಿ3ಕ್ಕೆ ತರುತ್ತದೆ. ಕಪ್ಪು ಇ4 ಪದಾತಿಯನ್ನು ಹೊಡೆಯುತ್ತದೆ, ಬಿಳಿ ಕುದುರೆ ಅದನ್ನು ಮರಳಿ ಹೊಡೆಯುತ್ತದೆ. ಆಗ ಕಪ್ಪಿನ ಒಂಟೆ ಎಫ್5ಕ್ಕೆ ಬಂದು ಕುದುರೆಯನ್ನೇ ಕೆಣಕುತ್ತದೆ. ಒಂಟೆ ಆಚೆ ಬಂದ ಮೇಲೆಯೇ ಇ6 ಆಡಿ ಬಾಗಿಲು ಹಾಕಿಕೊಳ್ಳುವುದು. ಸಮಸ್ಯೆಯ ಕಾಯಿ ಐದಾರು ನಡೆಗಳೊಳಗೆ ಬೀದಿಗೆ ಬಂದು ನಿಂತಿರುತ್ತದೆ. ಇದಕ್ಕೆ ಕಪ್ಪು ತೆರುವ ಬೆಲೆ ಒಂದು ನಡೆ. ಮುಂದೆ ಸಿ5 ಆಡಿ ನಡುವಿನ ಮೇಲೆ ಒತ್ತಡ ತರಲೇಬೇಕು. ಆ ಪದಾತಿ ಆಗಲೇ ಸಿ6ರಲ್ಲಿ ನಿಂತಿರುವುದರಿಂದ ಒಂದೇ ಪಯಣಕ್ಕೆ ಎರಡು ನಡೆ ಖರ್ಚಾಗುತ್ತದೆ.

ವಿಶ್ವ ಚಾಂಪಿಯನ್‌ಷಿಪ್ ಮಟ್ಟದಲ್ಲಿ ಇದರ ಬೆಲೆ ತೋರಿಸಿಕೊಟ್ಟವನು ಮಿಖಾಯಿಲ್ ಬೋತ್ವಿನಿಕ್. ಹಿಂದಿನ ವರ್ಷ ಕಿರೀಟ ಕಸಿದುಕೊಂಡಿದ್ದ ವಾಸಿಲಿ ಸ್ಮಿಸ್ಲೊವ್ ವಿರುದ್ಧ 1958ರ ಮರುಪಂದ್ಯದಲ್ಲಿ ಆತ ಮೊದಲ ಮೂರು ಆಟಗಳನ್ನೂ ಗೆದ್ದ. ಅವುಗಳಲ್ಲಿ ಒಂದನೆಯದು ಮತ್ತು ಮೂರನೆಯದು ಕಪ್ಪು ಕಾಯಿಗಳ ಕ್ಯಾರೊ-ಕಾನ್. ಪಂದ್ಯ 12.5–10.5ರಿಂದ ಮುಗಿಯಿತು, ಆರಂಭದ ಆ ಮುನ್ನಡೆಯನ್ನು ಸ್ಮಿಸ್ಲೊವ್ ಕೊನೆಯವರೆಗೂ ಅಳಿಸಲಾಗಲಿಲ್ಲ. 1961ರಲ್ಲಿ ಮಿಖಾಯಿಲ್ ತಾಲ್‌ನಂಥ ದಾಳಿಕೋರನ ಎದುರೂ ಬೋತ್ವಿನಿಕ್ ಇದನ್ನೇ ನೆಚ್ಚಿ 13–8ರಿಂದ ಗೆದ್ದ. ಆಮೇಲೆ ತಿಗ್ರಾನ್ ಪೆಟ್ರೊಸಿಯನ್, ಅನಾತೊಲಿ ಕಾರ್ಪೊವ್ ಇದನ್ನು ತಮ್ಮದಾಗಿಸಿಕೊಂಡರು. 2013ರಲ್ಲಿ ಚೆನ್ನೈನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಎರಡನೇ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ವಿಶ್ವನಾಥನ್ ಆನಂದ್‌ಗೆ ಕೊಟ್ಟ ಉತ್ತರವೂ ಇದೇ. ಆಟ 25 ನಡೆಗಳಲ್ಲಿ ಡ್ರಾ ಆಯಿತು.

ಗಟ್ಟಿ ಎಂಬ ಹೆಸರನ್ನು ನಂಬಿ ಕಣ್ಣುಮುಚ್ಚಿ ಆಡುವವರಿಗೆ ಇಲ್ಲಿ ಎರಡು ಕುಖ್ಯಾತ ಗುಂಡಿಗಳಿವೆ. ಎರಡೂ ಇರುವುದು ಒಂಟೆಯನ್ನು ಎಫ್5ಕ್ಕೆ ತರುವ ಬದಲು ನಾಲ್ಕನೇ ನಡೆಯಲ್ಲಿ ಕುದುರೆಯನ್ನು ಡಿ7ಕ್ಕೆ ಇಡುವ ಲೈನಿನಲ್ಲಿ. ಬಿಳಿ ರಾಣಿಯನ್ನು ಇ2ಕ್ಕೆ ತಂದಿತು ಎನ್ನಿ. ರಾಣಿ ಅಲ್ಲಿ ತನ್ನದೇ ಒಂಟೆಗೆ ಅಡ್ಡ ನಿಂತಂತೆ ಕಾಣುತ್ತದೆ. ಕಪ್ಪು ಏನೂ ಅನುಮಾನಿಸದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಕುದುರೆ ಡಿ6ಕ್ಕೆ ಹಾರುತ್ತದೆ, ಅಲ್ಲಿಗೆ ಚೆಕ್‌ಮೇಟ್. ಇ7 ಪದಾತಿ ಅದನ್ನು ಹೊಡೆಯುವಂತಿಲ್ಲ, ಯಾಕೆಂದರೆ ಇ ಸಾಲಿನ ಆ ತುದಿಯಲ್ಲಿ ರಾಣಿ ಕಾದು ಕೂತಿದೆ. ರಾಜನ ಸುತ್ತ ಐದು ಮನೆಗಳಲ್ಲೂ ಅವನದೇ ಕಾಯಿಗಳು. ಆರೇ ನಡೆಗೆ ಆಟ ಮುಗಿಯಿತು.

ಎರಡನೆಯ ಗುಂಡಿಗೆ ಬಿದ್ದವನು ಗ್ಯಾರಿ ಕ್ಯಾಸ್ಪರೋವ್. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರದೊಂದಿಗೆ ಆರನೆಯ, ಕೊನೆಯ ಆಟ. ಏಳನೇ ನಡೆಗೆ ಕ್ಯಾಸ್ಪರೋವ್ ಎಚ್6 ಆಡಿ ಜಿ5ರಲ್ಲಿದ್ದ ಬಿಳಿ ಕುದುರೆಯನ್ನು ಓಡಿಸಲು ನೋಡಿದ. ಕುದುರೆ ಹಿಂದೆ ಹೋಗಲಿಲ್ಲ. ಇ6 ಪದಾತಿಯನ್ನೇ ಹೊಡೆದು ಪ್ರಾಣ ಕೊಟ್ಟಿತು. ಕಪ್ಪು ರಾಜ ನಡುಬಯಲಿಗೆ ಬಂದು 19 ನಡೆಗಳಲ್ಲಿ ಆಟವೂ ಪಂದ್ಯವೂ ಮುಗಿದವು. ಈ ಬಲಿದಾನ ಹೊಸದೇನಲ್ಲ, ಆಗಲೇ ಪುಸ್ತಕಗಳಲ್ಲಿತ್ತು. ಎಚ್6 ಕೂಡ ತಪ್ಪು ನಡೆಯಲ್ಲ; ಮೊದಲು ಒಂಟೆಯನ್ನು ಡಿ6ಕ್ಕೆ ತಂದು ಆಮೇಲೆ ಅದನ್ನು ಆಡುವುದು ರೂಢಿ. ಭದ್ರ ರಕ್ಷಣೆಗಳಲ್ಲಿ ಕಂಠಪಾಠ ಕಡಿಮೆ ಎಂಬ ಮಾತು ಅರ್ಧ ಮಾತ್ರ ನಿಜ. ಇಲ್ಲಿ ಲೈನುಗಳು ಕಡಿಮೆ, ಆದರೆ ನಡೆಗಳ ಕ್ರಮ ಅಷ್ಟೇ ಕಟ್ಟುನಿಟ್ಟು.

ಫ್ರೆಂಚ್

ಇ4ಕ್ಕೆ ಇ6. 1834ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವೆ ಆರಂಭವಾದ ಅಂಚೆ ಪಂದ್ಯದಲ್ಲಿ ಪ್ಯಾರಿಸ್‌ನವರು ಆಡಿದ್ದರಿಂದ ಈ ಹೆಸರು ನಿಂತಿತು. ಇದು ಕ್ಯಾರೊ-ಕಾನ್‌ಗೆ ನೇರ ವಿರುದ್ಧ ಆಯ್ಕೆ. ಸಿ8ರ ಒಂಟೆಯನ್ನು ಒಳಗೇ ಕೂರಿಸಿ, ಉಳಿಸಿದ ಒಂದು ನಡೆಯಿಂದ ಸಿ5 ಪದಾತಿಯನ್ನು ಒಂದೇ ಏಟಿಗೆ ಮುನ್ನುಗ್ಗಿಸಿ ಬಿಳಿಯ ಡಿ4 ನೆಲೆಯನ್ನು ಅಲುಗಾಡಿಸುವುದು ಇದರ ಉದ್ದೇಶ. ಕೋಟೆ ಗಟ್ಟಿ, ಆದರೆ ಒಳಗೆ ಜಾಗ ಇಕ್ಕಟ್ಟು. ಬಿಳಿ ಇ5 ಆಡಿ ಮುಂದೆ ಬಂದರೆ ಕಪ್ಪು ರಾಜನ ಮೇಲೆ ದಾಳಿ ಕಟ್ಟಲು ಅದಕ್ಕೆ ಸಾಕಷ್ಟು ಸಮಯ ಸಿಗುತ್ತದೆ. ಆದ್ದರಿಂದ ಫ್ರೆಂಚ್ ಅನ್ನು ಭದ್ರ ರಕ್ಷಣೆಗಳ ಪಟ್ಟಿಗೆ ಸೇರಿಸುವುದು ಸ್ವಲ್ಪ ಸಂಪ್ರದಾಯದ ಮಾತು. ಅದರ ಅನೇಕ ಲೈನುಗಳು ಸಿಸಿಲಿಯನ್‌ನಷ್ಟೇ ಖಾರ. ಹಾಗೆಂದು ಹಳೆಯದೆಂದು ತಳ್ಳಿಹಾಕುವಂತಿಲ್ಲ. 2024ರ ನವೆಂಬರಿನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲೇ ಡಿಂಗ್ ಲಿರೆನ್ ಫ್ರೆಂಚ್ ಆಡಿ, ಬಿಳಿ ಕಾಯಿ ಹಿಡಿದಿದ್ದ ಡಿ. ಗುಕೇಶ್ ಅವರನ್ನು 42 ನಡೆಗಳಲ್ಲಿ ಸೋಲಿಸಿದ. ಕಿರೀಟ ಕೊನೆಗೆ ಗುಕೇಶ್ ಪಾಲಾಯಿತು ಎಂಬುದು ಬೇರೆ ಮಾತು.

ಬರ್ಲಿನ್ ಮತ್ತು ಪೆಟ್ರೊವ್

ಇ4ಕ್ಕೆ ಇ5 ಎಂದೇ ಉತ್ತರಿಸಿದರೆ ಒಂಟೆಯ ತಲೆನೋವೇ ಇಲ್ಲ. ಎರಡೂ ಒಂಟೆಗಳಿಗೆ ದಾರಿ ಸಲೀಸು. ಇಲ್ಲಿ ಕಪ್ಪು ತೆರುವ ಬೆಲೆ ಬೇರೆ ರೂಪದ್ದು.

ಸ್ಪ್ಯಾನಿಷ್ ಓಪನಿಂಗ್‌ನಲ್ಲಿ ಬಿಳಿಯ ಒಂಟೆ ಬಿ5ಕ್ಕೆ ಬಂದಾಗ ಕಪ್ಪು ಕುದುರೆಯನ್ನು ಎಫ್6ಕ್ಕೆ ತರುವುದೇ ಬರ್ಲಿನ್. ಹತ್ತೊಂಬತ್ತನೆಯ ಶತಮಾನದ ಸರಕು. ಹೆಚ್ಚೂಕಡಿಮೆ ಮೂಲೆಗೆ ಸೇರಿತ್ತು. 2000ದಲ್ಲಿ ಲಂಡನ್‌ನಲ್ಲಿ ಕ್ಯಾಸ್ಪರೋವ್ ಎದುರಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕೆ ವ್ಲಾದಿಮಿರ್ ಕ್ರಾಮ್ನಿಕ್ ಅದರ ಧೂಳು ಕೊಡವಿ ತಂದ. ಮುಖ್ಯ ಲೈನಿನ ಎಂಟನೇ ನಡೆಗೇ ರಾಣಿಗಳು ಹಲಗೆಯಿಂದ ಕೆಳಗಿಳಿಯುತ್ತವೆ. ಕಪ್ಪು ರಾಜ ಡಿ8ರಲ್ಲಿ ನಿಂತು ಕ್ಯಾಸ್ಲಿಂಗ್ ಹಕ್ಕು ಕಳೆದುಕೊಂಡಿರುತ್ತಾನೆ, ಸಿ ಸಾಲಿನಲ್ಲಿ ಎರಡು ಪದಾತಿಗಳು ಒಂದರ ಹಿಂದೊಂದು ಸಿಕ್ಕಿಕೊಂಡಿರುತ್ತವೆ. ಲೆಕ್ಕ ಹಾಕಿದರೆ ಬಿಳಿಗೇ ಲಾಭ: ರಾಜನ ಪಾರ್ಶ್ವದಲ್ಲಿ ಅದಕ್ಕೆ ಮೂರರೆದುರು ನಾಲ್ಕು ಪದಾತಿಗಳಿವೆ, ಉಳಿದ ಕಾಯಿಗಳೆಲ್ಲ ಕಡಿದುಹೋದರೆ ರಾಜ-ಪದಾತಿಗಳ ಎಂಡ್‌ಗೇಮ್ ಗೆಲ್ಲುವುದು ಬಿಳಿಯೇ. ಆದರೆ ಕಾಯಿಗಳು ಹಲಗೆಯ ಮೇಲಿರುವವರೆಗೂ ಕಪ್ಪಿನ ಬಳಿ ಒಂಟೆಗಳ ಜೋಡಿ ಇದೆ, ಒಡೆಯಲು ಗುರುತಾದ ದುರ್ಬಲ ಮನೆಯೂ ಇಲ್ಲ. ಕ್ಯಾಸ್ಪರೋವ್‌ನ ದೊಡ್ಡ ಅಸ್ತ್ರವೆಂದರೆ ರಾಣಿಯ ಜೊತೆಗೂಡಿ ನಡೆಸುವ ದಾಳಿ. ಬರ್ಲಿನ್‌ನ ಆಟಗಳಲ್ಲಿ ಅದಕ್ಕೆ ಅವಕಾಶವೇ ಸಿಗಲಿಲ್ಲ. ನಾಲ್ಕು ಆಟಗಳಲ್ಲಿ ಬರ್ಲಿನ್ ಬಂತು, ನಾಲ್ಕೂ ಡ್ರಾ. ಕ್ಯಾಸ್ಪರೋವ್ ಒಂದು ಆಟವನ್ನೂ ಗೆಲ್ಲದೆ 8.5–6.5ರಿಂದ ಪಂದ್ಯ ಸೋತ. ಕ್ರಾಮ್ನಿಕ್‌ನ ಎರಡು ಗೆಲುವುಗಳು ಬಂದದ್ದು ಬಿಳಿ ಕಾಯಿಗಳಿಂದ ಎಂಬುದನ್ನೂ ಮರೆಯಬಾರದು. ಭದ್ರ ರಕ್ಷಣೆಯ ಪೂರ್ತಿ ತಂತ್ರ ಅದೇ: ಕಪ್ಪಿನಲ್ಲಿ ಸೋಲದಿದ್ದರೆ ಬಿಳಿಯ ಒಂದೆರಡು ಗೆಲುವು ಸಾಕು.

ಬರ್ಲಿನ್ ಎಂದರೆ ನಿದ್ದೆ ಎನ್ನುವವರು 2014ರ ಸೋಚಿ ಪಂದ್ಯದ ಏಳನೇ ಆಟವನ್ನು ನೋಡಬೇಕು. ಬಿಳಿ ಕಾಯಿಯ ಕಾರ್ಲ್‌ಸನ್ ಎದುರು ಆನಂದ್ 122 ನಡೆಗಳವರೆಗೆ ಹಲ್ಲುಕಚ್ಚಿ ಕೂತು ಡ್ರಾ ಉಳಿಸಿಕೊಂಡರು. ಹನ್ನೊಂದನೇ ಆಟದಲ್ಲಿ ಅದೇ ಬರ್ಲಿನ್‌ನಲ್ಲಿ ಸೋತರು, ಅಲ್ಲಿಗೆ ಪಂದ್ಯವೇ ಮುಗಿಯಿತು. ಇನ್ನೊಂದು ತುದಿಯಲ್ಲಿ, ರಾಣಿಗಳನ್ನು ಇ4–ಡಿ4, ಇ6–ಡಿ6 ಎಂದು ಹಿಂದೆ ಮುಂದೆ ಆಡಿಸಿ 14 ನಡೆಗಳಲ್ಲಿ ಕೈಕುಲುಕಿ ಏಳುವ ಒಂದು ಬರ್ಲಿನ್ ಲೈನೂ ಇದೆ. ದೊಡ್ಡ ಟೂರ್ನಿಗಳಲ್ಲಿ ವಿಶ್ರಾಂತಿ ಬೇಕಾದವರು ಇದನ್ನು ಬಳಸುತ್ತಾರೆ, ಪ್ರೇಕ್ಷಕರು ಶಪಿಸುತ್ತಾರೆ.

ಪೆಟ್ರೊವ್ ರಕ್ಷಣೆಗೆ ರಷ್ಯಾದ ಅಲೆಕ್ಸಾಂಡರ್ ಪೆಟ್ರೊವ್‌ನ ಹೆಸರು. ಬಿಳಿ ಕುದುರೆ ಎಫ್3ಕ್ಕೆ ಬಂದು ಇ5 ಪದಾತಿಯ ಮೇಲೆ ಕಣ್ಣಿಟ್ಟರೆ, ಕಪ್ಪು ತನ್ನ ಪದಾತಿಯನ್ನು ಕಾಯುವ ಗೋಜಿಗೆ ಹೋಗದೆ ಕುದುರೆಯನ್ನು ಎಫ್6ಕ್ಕೆ ತಂದು ಇ4ರ ಮೇಲೆ ಕಣ್ಣಿಡುತ್ತದೆ. 2018ರ ಲಂಡನ್ ಪಂದ್ಯದಲ್ಲಿ ಫ್ಯಾಬಿಯಾನೊ ಕರುವಾನಾ ಇದನ್ನು ಕಾರ್ಲ್‌ಸನ್ ಎದುರು ಬಳಸಿದ. ಆ ಪಂದ್ಯದ 12 ಕ್ಲಾಸಿಕಲ್ ಆಟಗಳೂ ಡ್ರಾ ಆದವು. ಇಷ್ಟು ಸಮಸಮವಾದ ಓಪನಿಂಗ್‌ನಲ್ಲೂ ಆನಂದ್ 1988ರಲ್ಲಿ ಬೀಲ್‌ನಲ್ಲಿ ಆರು ನಡೆಗೆ ಸೋತಿದ್ದರು. ಎದುರಾಳಿ ಕೊಲಂಬಿಯಾದ ಅಲೊನ್ಸೊ ಜಪಾಟಾ. ಐದನೇ ನಡೆಗೆ ಆನಂದ್ ಒಂಟೆಯನ್ನು ಎಫ್5ಕ್ಕೆ ತಂದರು. ಹಿಂದಿನ ವರ್ಷ ಟೋನಿ ಮೈಲ್ಸ್ ಎದುರು ಲ್ಯಾರಿ ಕ್ರಿಸ್ಟಿಯನ್ಸನ್ ಇದೇ ನಡೆ ಆಡಿ ಡ್ರಾ ಮಾಡಿಕೊಂಡಿದ್ದ. ಆಗ ಯಾರೂ ಆಡದ ನಡೆಯನ್ನು ಜಪಾಟಾ ಆಡಿದ: ರಾಣಿ ಇ2. ಇ4ರ ಕಪ್ಪು ಕುದುರೆ ರಾಜನೆದುರು ಸಿಕ್ಕಿಬಿತ್ತು. ಡಿ5 ಆಡಿ ಕಾದರೆ ಡಿ3 ಬರುತ್ತದೆ, ರಾಣಿಯನ್ನು ಇ7ಕ್ಕೆ ತಂದರೆ ಬಿಳಿ ಕುದುರೆ ಡಿ5ಕ್ಕೆ ಹಾರುತ್ತದೆ. ಆನಂದ್ ಅಲ್ಲೇ ಶರಣಾದರು. ಅದೇ ವರ್ಷ ಅವರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಡಿ4ಕ್ಕೆ ಉತ್ತರಗಳು

ರಾಣಿಯ ಪದಾತಿಯಿಂದ ಆರಂಭಿಸುವ ಬಿಳಿಗೆ ಅತಿ ಹಳೆಯ, ಅತಿ ಮರ್ಯಾದಸ್ಥ ಉತ್ತರ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್: ಡಿ4, ಡಿ5, ಸಿ4, ಇ6. 1927ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖೈನ್ ಆಡಿದ 34 ಆಟಗಳಲ್ಲಿ 32 ಇದೇ ಆಗಿದ್ದವು. ಯಾರಿಗೂ ಅದನ್ನು ಸುಲಭವಾಗಿ ಒಡೆಯಲು ಬರಲಿಲ್ಲ. 25 ಆಟ ಡ್ರಾ. ಸಿ8ರ ಒಂಟೆ ಇ6 ಪದಾತಿಯ ಹಿಂದೆ ಸಿಕ್ಕಿಕೊಳ್ಳುವುದೇ ಇಲ್ಲೂ ಮುಖ್ಯ ತೊಂದರೆ. ಬಿ6 ಆಡಿ ಅದನ್ನು ಬಿ7ಕ್ಕೆ ತರುವುದು ಟಾರ್ಟಕೋವರ್‌ನ ದಾರಿ. ಎಮಾನುಯೆಲ್ ಲಾಸ್ಕರ್ ಬೇರೆ ಉಪಾಯ ಹೂಡಿದ: ಕುದುರೆಯನ್ನು ಇ4ಕ್ಕೆ ನುಗ್ಗಿಸಿ ಬೇಗ ಒಂದೆರಡು ಕಾಯಿ ಕಡಿದುಕೊಂಡರೆ ಇಕ್ಕಟ್ಟು ತಾನಾಗಿಯೇ ಸಡಿಲವಾಗುತ್ತದೆ, ಒಂಟೆಗೆ ಆಮೇಲೆ ದಾರಿ ಹುಡುಕಬಹುದು.

ಈ ಲಾಸ್ಕರ್ ಲೈನಿನ ಬಹು ದೊಡ್ಡ ಗೆಲುವು ಭಾರತೀಯರದು. 2010ರಲ್ಲಿ ಸೋಫಿಯಾದಲ್ಲಿ ಆನಂದ್ ಮತ್ತು ವೆಸೆಲಿನ್ ಟೊಪಲೊವ್ 5.5–5.5ರಲ್ಲಿ ಸಮನಾಗಿ ಕೊನೆಯ ಆಟಕ್ಕೆ ಬಂದಿದ್ದರು. ಕಪ್ಪು ಕಾಯಿ ಆನಂದ್ ಪಾಲಿಗೆ. ದಿನಾಂಕ ಮೇ 11. ಹದಿಮೂರು ವರ್ಷ ಹಿಂದೆ ಕ್ಯಾಸ್ಪರೋವ್ ನ್ಯೂಯಾರ್ಕಿನಲ್ಲಿ ಸೋತದ್ದೂ ಅದೇ ತಾರೀಖಿನಂದು. ಆನಂದ್ ಲಾಸ್ಕರ್ ಆಡಿದರು. ಸಿ8ರ ಒಂಟೆ ಹತ್ತೊಂಬತ್ತನೇ ನಡೆಗೆ ಬಿ7ಕ್ಕೆ ಬಂತು, ಅಲ್ಲಿಂದ ಎ6, ಡಿ3, ಮತ್ತೆ ಎ6, ಮತ್ತೆ ಬಿ7. ಬಿಳಿ ಕುದುರೆ ಕೆಣಕಿದಾಗ 28ನೇ ನಡೆಯಲ್ಲಿ ಎ8ರ ಮೂಲೆಗೆ ಸರಿಯಿತು. ನೋಡಿದವರಿಗೆ ನಿರುದ್ಯೋಗಿಯಂತೆ ಕಾಣಬಹುದಾದ ಕಾಯಿ. ಆದರೆ ಎ8ರಿಂದ ಎಚ್1ರವರೆಗಿನ ಉದ್ದನೆಯ ಕರ್ಣ ಬಿಳಿ ರಾಜ ನಿಂತ ಜಿ2 ಮನೆಯ ಮೇಲೇ ಹಾದುಹೋಗುತ್ತದೆ. ಟೊಪಲೊವ್‌ಗೆ ರ್‍ಯಾಪಿಡ್ ಟೈಬ್ರೇಕ್‌ನಲ್ಲಿ ಆನಂದ್ ಎದುರು ಕೂರುವ ಆಸೆ ಇರಲಿಲ್ಲವೆಂದು ಕಾಣುತ್ತದೆ. ಆತ ನಡುವಿನ ಪದಾತಿಗಳನ್ನು ಒಂದಾದ ಮೇಲೊಂದು ಹೊಡೆದ. ಆನಂದ್ 31ನೇ ನಡೆಗೆ ಇ4 ಎಂದು ಪದಾತಿಯನ್ನು ಮುಂದೆ ತಳ್ಳಿದರು. ಟೊಪಲೊವ್ ಅದನ್ನೂ ಹೊಡೆದ, ಕರ್ಣ ಬಾಯಿ ತೆರೆಯಿತು, ರಾಣಿ ಇ4ರಲ್ಲಿ ಇಳಿದು ಚೆಕ್ ಕೊಟ್ಟಿತು, ಬಿಳಿ ರಾಜ ಎಚ್3ಕ್ಕೆ ಓಡಿದ. 56 ನಡೆಗಳಲ್ಲಿ ಆಟ ಮುಗಿದು ಕಿರೀಟ ಆನಂದ್ ಬಳಿಯೇ ಉಳಿಯಿತು. ಡ್ರಾ ಆದರೂ ಸಾಕು ಎಂದು ಆರಿಸಿಕೊಂಡ ರಕ್ಷಣೆ, ಎದುರಾಳಿ ಮಿತಿ ಮೀರಿದಾಗ ಗೆಲುವನ್ನೇ ಕೊಟ್ಟಿತು.

ಸ್ಲಾವ್‌ನಲ್ಲಿ ಇ6 ಬದಲು ಸಿ6. ಒಂಟೆಗೆ ದಾರಿ ತೆರೆದಿದೆ ಎಂದು ಅದನ್ನು ಬೇಗನೆ ಎಫ್5ಕ್ಕೆ ತಂದರೆ ಬಿ7 ಪದಾತಿ ಬಡವಾಗುತ್ತದೆ. ಬಿಳಿ ರಾಣಿ ಬಿ3ಕ್ಕೆ ಬಂದು ಅದನ್ನೇ ಹಿಡಿಯುತ್ತದೆ. ಹಾಗಾಗಿ ಕಪ್ಪು ಮೊದಲು ಸಿ4 ಪದಾತಿಯನ್ನು ಹೊಡೆದು, ಬಿಳಿ ಎ4 ಆಡಿದ ಮೇಲೆ ಒಂಟೆಯನ್ನು ಹೊರಡಿಸುತ್ತದೆ. 1935 ಮತ್ತು 1937ರ ಅಲೆಖೈನ್–ಯೂವೆ ಪಂದ್ಯಗಳಲ್ಲಿ ಇದು ಚೆನ್ನಾಗಿ ಪಳಗಿತು.

ನಿಮ್ಜೊ-ಇಂಡಿಯನ್ ಮತ್ತು ಕ್ವೀನ್ಸ್ ಇಂಡಿಯನ್ ಡಿ5 ನೆಲೆಯ ಹಂಗಿಲ್ಲದೆ, ಕಾಯಿಗಳ ಬಲದಿಂದಲೇ ಇ4 ಮನೆಯನ್ನು ಕಾಯುತ್ತವೆ. ಈ ಕುಟುಂಬಕ್ಕೆ ಇಂಡಿಯನ್ ಎಂಬ ಹೆಸರು ಬಂದದ್ದು 19ನೇ ಶತಮಾನದ ನಡುವೆ ಕಲ್ಕತ್ತೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಜೊತೆ ಆಡುತ್ತಿದ್ದ ಮಹೇಶಚಂದ್ರ ಬ್ಯಾನರ್ಜಿಯ ಶೈಲಿಯಿಂದ. ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ ಎಂಬ ನಮ್ಮ ಹಳೆಯ ಚದುರಂಗದ ನಿಯಮದಲ್ಲಿ ಪಳಗಿದವರಿಗೆ ಇಂಥ ನಿಧಾನದ ಕಟ್ಟಡ ಸಹಜವೇ.

ಆಯ್ಕೆ

ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳ ಉದಾಹರಣೆ ನೋಡಿ ರಕ್ಷಣೆ ಆರಿಸುವವರು ಒಂದು ವ್ಯತ್ಯಾಸ ಗಮನಿಸಬೇಕು. ಇಬ್ಬರೇ ಆಡುವ ಪಂದ್ಯದಲ್ಲಿ ಕಪ್ಪಿನಲ್ಲಿ ಸಿಕ್ಕ ಅರ್ಧ ಅಂಕ ಲಾಭ. ಬೆಂಗಳೂರು, ಮಂಗಳೂರು, ಮೈಸೂರುಗಳಲ್ಲಿ ನಡೆಯುವ ಫಿಡೆ ರೇಟಿಂಗ್ ಟೂರ್ನಿಗಳು ಬಹುತೇಕ ಸ್ವಿಸ್ ಪದ್ಧತಿಯವು. ಅಲ್ಲಿ ತನಗಿಂತ ಕಡಿಮೆ ರೇಟಿಂಗ್ ಇರುವವನ ಜೊತೆ ಡ್ರಾ ಆದರೆ ರೇಟಿಂಗೂ ಇಳಿಯುತ್ತದೆ, ಬಹುಮಾನದ ಪಟ್ಟಿಯಿಂದಲೂ ದೂರವಾಗುತ್ತದೆ. ಅಂಥ ಆಟಗಾರನಿಗೆ ಪೆಟ್ರೊವ್ ಅಥವಾ ಬರ್ಲಿನ್ ಅಷ್ಟು ಒಳ್ಳೆಯ ಸಂಗಾತಿಯಲ್ಲ. ಎದುರಾಳಿ ಡ್ರಾ ಬಯಸಿದರೆ ಅದನ್ನು ತಡೆಯುವುದು ಅಲ್ಲಿ ಕಷ್ಟ. ಕ್ಯಾರೊ-ಕಾನ್‌ನಲ್ಲಿ ಪದಾತಿಗಳ ಸಾಲು ಎರಡೂ ಕಡೆ ಒಂದೇ ರೀತಿ ಇರುವುದಿಲ್ಲ, ಕಾಯಿಗಳೂ ಹಲಗೆಯ ಮೇಲೆ ಬಹಳ ಹೊತ್ತು ಉಳಿಯುತ್ತವೆ. ಸೋಲದೆ ಕಾದು ಗೆಲ್ಲಲು ಅದೇ ವಾಸಿ.

ಓದಲು ಸಮಯ ಕಡಿಮೆ ಇರುವವರು ಒಂದೇ ಅಸ್ಥಿಪಂಜರದ ಎರಡು ರಕ್ಷಣೆ ಆರಿಸಿಕೊಳ್ಳುವುದುಂಟು. ಇ4ಕ್ಕೆ ಕ್ಯಾರೊ-ಕಾನ್, ಡಿ4ಕ್ಕೆ ಸ್ಲಾವ್ ಆಡುವವನಿಗೆ ಎರಡರಲ್ಲೂ ಸಿ6–ಡಿ5 ಜೋಡಿಯೇ ಸಿಗುತ್ತದೆ. ಫ್ರೆಂಚ್ ಮತ್ತು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಆಡುವವನಿಗೆ ಇ6–ಡಿ5. ಬಿಳಿ ಸಿ4 ಅಥವಾ ಕುದುರೆ ಎಫ್3 ಎಂದು ಸುತ್ತುದಾರಿಯಲ್ಲಿ ಬಂದರೂ ಅದೇ ಜೋಡಿಯನ್ನು ನಿಲ್ಲಿಸಬಹುದು. ಸ್ವಭಾವದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಇಕ್ಕಟ್ಟಿನಲ್ಲಿ ಹತ್ತು ನಡೆ ಸುಮ್ಮನೆ ಕಾಯಬಲ್ಲವರು ಕಡಿಮೆ. 1962ರ ಕ್ಯುರಾಸಾವ್ ಕ್ಯಾಂಡಿಡೇಟ್ಸ್‌ನ 27 ಆಟಗಳಲ್ಲಿ ಒಂದನ್ನೂ ಸೋಲದ ಪೆಟ್ರೊಸಿಯನ್‌ಗೆ ಅದು ಬರುತ್ತಿತ್ತು. ಬಾರದವರು ಒಂಟೆ ಹೊರಗಿರುವ ರಕ್ಷಣೆಗಳನ್ನು ಹಿಡಿಯುವುದು ಕ್ಷೇಮ.

ಕಡೆಗೆ, ರಕ್ಷಣೆ ಆಡುವವನು ಮುಖ್ಯ ಲೈನಿಗಿಂತ ಮೊದಲು ಕಲಿಯಬೇಕಾದ್ದು ಎಕ್ಸ್‌ಚೇಂಜ್ ಲೈನುಗಳನ್ನು. ಕ್ಲಬ್ ಮಟ್ಟದಲ್ಲಿ ಬಿಳಿ ಆಟಗಾರರು ಹೆಚ್ಚಾಗಿ ಪದಾತಿಗಳನ್ನು ಕಡಿದು ಸರಳ ಮಾಡುವುದೇ ವಾಡಿಕೆ. ಸರಳವೆಂದರೆ ನಿರಪಾಯ ಎಂದು ತಿಳಿಯಬಾರದು. ಕ್ವೀನ್ಸ್ ಗ್ಯಾಂಬಿಟ್‌ನ ಎಕ್ಸ್‌ಚೇಂಜ್‌ನಲ್ಲಿ ಬಿಳಿ ತನ್ನ ಬಿ ಪದಾತಿಯನ್ನು ಬಿ5ರವರೆಗೆ ಒಯ್ದು ಕಪ್ಪಿನ ಸಿ6ರಲ್ಲಿ ಕಾಯಂ ಗಾಯ ಮಾಡುತ್ತದೆ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಬಾಬಿ ಫಿಷರ್ ಕ್ಯಾರೊ-ಕಾನ್‌ನಲ್ಲಿ ಮೂರನೇ ನಡೆಗೇ ಡಿ5ರಲ್ಲಿ ಕಡಿದು, ಒಂಟೆಯನ್ನು ಡಿ3ಕ್ಕೆ ತಂದ. ಆ ಒಂಟೆ ಅಲ್ಲಿ ನಿಂತರೆ ಎಫ್5 ಮನೆ ಕಾವಲಿಗೆ ಬೀಳುತ್ತದೆ, ಸಿ8ರ ಒಂಟೆಗೆ ಅದು ನಿರಾತಂಕದ ಮನೆಯಾಗಿ ಉಳಿಯುವುದಿಲ್ಲ. ಎದುರಿಗಿದ್ದವನು ಪೆಟ್ರೊಸಿಯನ್. ಆ ಆಟವನ್ನು ಫಿಷರ್ ಗೆದ್ದ.